ಕರಿಯಣ್ಣ ಎಂದು ಕೂಗಿದ ವರ್ಷ

ಮೊನ್ನೆ ತುಮಕೂರಿನ ಬಟವಾಡಿಯ ಮೆಡಿಕಲ್ ಶಾಪಿನ ಮುಂದೆ ಅಮ್ಮನ ಮಾತ್ರೆಗಾಗಿ ನಿಂತಿದ್ದೆ. ಪಕ್ಕದಲ್ಲಿದ್ದವನೊಬ್ಬ ಆಗಷ್ಟೇ ಕೊಂಡ ನೋವಿನ ಸ್ಪ್ರೇಯನ್ನು ಅಲ್ಲೇ ಪ್ಯಾಂಟು ಮಡಚಿ ಮೊಣಕಾಲಿಗೆ ಹೊಡೆದುಕೊಂಡ. ಮೂಗು ಸುಡುವ ಆ ತಣ್ಣನೆಯ ವಾಸನೆ ಬಂದದ್ದೇ ತಡ, ನನಗೆ ಒಂದು ಸದ್ದು ಕೇಳಿಸಿತು. ಕಬ್ಬಿಣದ ಪೈಪು ತಲೆಗೆ ಬಿದ್ದ ಸದ್ದು. ದೊಡ್ಡದೇನಲ್ಲ. ಒದ್ದೆ ಗೋಣಿಚೀಲವನ್ನು ಜಗಲಿಯ ಮೇಲೆ ಎತ್ತಿ ಹಾಕಿದರೆ ಬರುವಷ್ಟೇ.

ನಾನು ನೆನಪುಗಳನ್ನು ಸುಲಭವಾಗಿ ನಂಬುವವನಲ್ಲ. ವಿಶ್ವವಿದ್ಯಾಲಯದಲ್ಲಿ ಇತಿಹಾಸ ಓದಿ, ಜನರ ಬಾಯಿಮಾತಿನ ಸಾಕ್ಷ್ಯಗಳನ್ನೇ ಹಿಡಿದು ಸಂಶೋಧನೆ ಮಾಡಿದವನು. ಒಂದೇ ಗಲಾಟೆಯನ್ನು ಕಣ್ಣಾರೆ ಕಂಡ ಇಬ್ಬರು ಎರಡು ಬೇರೆಬೇರೆ ಗಲಾಟೆಗಳನ್ನು ವರ್ಣಿಸುವುದನ್ನು ಎಷ್ಟೋ ಸಲ ರೆಕಾರ್ಡು ಮಾಡಿಕೊಂಡಿದ್ದೇನೆ. ಆ ಸದ್ದನ್ನು ಕೂಡ ನಾನು ಆಮೇಲೆ ಸೇರಿಸಿಕೊಂಡಿರಬಹುದು. ಕುಣಿಗಲ್ಲಿನ ಬಯಲಿನಲ್ಲಿ ಅಷ್ಟು ಜನ ಒಟ್ಟಿಗೆ ಕೂಗುತ್ತಿರುವಾಗ ಅಷ್ಟು ಸಣ್ಣ ಸದ್ದು ನನ್ನ ಕಿವಿಗೆ ಹೇಗೆ ಬಿದ್ದೀತು? ಹೀಗೆಲ್ಲ ವಾದ ಮಾಡಿಕೊಂಡೇ ಮಾತ್ರೆ ತೆಗೆದುಕೊಂಡೆ. ಚಿಲ್ಲರೆಯನ್ನು ಮಾತ್ರ ಕೌಂಟರಿನ ಮೇಲೆಯೇ ಬಿಟ್ಟು ಬಂದೆ.

ಆ ವರ್ಷದ ಫುಟ್‌ಬಾಲ್ ಸೀಸನ್ನು ಸಂಕ್ರಾಂತಿಗೆ ಶುರುವಾಗಿ ಶಿವರಾತ್ರಿಯ ಹೊತ್ತಿಗೆ ಮುಗಿದಿತ್ತು. ಬೆಳಿಗ್ಗೆ ಹಲ್ಲು ಕಟಕಟಿಸುವ ಚಳಿ, ಹತ್ತು ಗಂಟೆಯಾದರೆ ಕಣ್ಣು ಬಿಡಲಾಗದ ಬಿಸಿಲು. ಒಣಗಿದ ಮೈದಾನದಿಂದ ಎದ್ದ ಕೆಂಪು ಧೂಳು ಸಂಜೆಯವರೆಗೂ ಕೂದಲಲ್ಲಿ ಇರುತ್ತಿತ್ತು. ನಮ್ಮ ಕಡೆ ಕ್ರಿಕೆಟ್ಟಿಗಿರುವ ಮರ್ಯಾದೆ ಫುಟ್‌ಬಾಲಿಗಿಲ್ಲ. ಆದ್ದರಿಂದಲೋ ಏನೋ, ಇರುವ ಸ್ವಲ್ಪ ಅಭಿಮಾನಿಗಳಿಗೆ ಹುಚ್ಚು ಜಾಸ್ತಿ. ಒಂದು ತಂಡಕ್ಕೆ ಏಳೇ ಜನರ ‘ಸೆವೆನ್ಸ್’ ಟೂರ್ನಿ ಅದು. ಭಾನುವಾರಗಳಂದು, ಒಂದೊಂದು ವಾರ ಒಂದೊಂದು ಊರಲ್ಲಿ. ನಮ್ಮ ಬಟವಾಡಿ ಟೀಮಿನ ಹಿಂದೆ ಟೆಂಪೋದಲ್ಲಿ ಹೋಗುತ್ತಿದ್ದವರಲ್ಲಿ ಮೂವರು ಖಾಯಂ. ಸತ್ಯಮಂಗಲದ ಫ್ಯಾಕ್ಟರಿಯೊಂದರಲ್ಲಿ ಲೇತ್ ಮೆಷಿನ್ ನಡೆಸುತ್ತಿದ್ದ ಬಸವರಾಜು, ಎಲ್ಲರ ಬಾಯಲ್ಲೂ ಬಸ್ಯ; ಗಂಟಲೆಂದರೆ ಗಂಟಲು. ಆಟೋ ಓಡಿಸುತ್ತಿದ್ದ ನಯಾಜ್. ಮತ್ತು ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕನಾಗಿದ್ದ ನಾನು. ಅವರಿಗೆ ನಾನು ಮೇಷ್ಟ್ರು.

ಕೋಚನ್ನು ಊರೆಲ್ಲ ಕರಿಯಣ್ಣ ಎಂದೇ ಕರೆಯುತ್ತಿತ್ತು. ಐವತ್ತು ದಾಟಿದವರು, ಖಾಸಗಿ ಶಾಲೆಯೊಂದರಲ್ಲಿ ಪಿ.ಟಿ. ಮೇಷ್ಟ್ರು, ಕಪ್ಪು ಮೈಬಣ್ಣ, ಮಾತು ಕಡಿಮೆ. ನಮ್ಮ ಸೀಮೆಯಲ್ಲಿ ಕರಿಯಪ್ಪ, ಕರಿಯಮ್ಮ, ಕರಿಯಣ್ಣ ಎಂಬ ಹೆಸರುಗಳು ಮನೆಮನೆಗೂ ಇವೆ, ದೇವರಿಗೂ ಇವೆ. ಆದ್ದರಿಂದ ಆ ಹೆಸರಿನ ಬಗ್ಗೆ ಯಾರೂ ಎರಡನೇ ಸಲ ಯೋಚಿಸಿರಲಿಲ್ಲ.

ಆ ವರ್ಷ ಅವರು ಒಬ್ಬ ಹೊಸ ಆಟಗಾರನನ್ನು ಕರೆತಂದರು. ದಕ್ಷಿಣ ಸುಡಾನಿನ ಹುಡುಗ, ಫಾರ್ಮಸಿ ಓದಲು ಬಂದು ಕ್ಯಾತ್ಸಂದ್ರದ ಬಾಡಿಗೆ ರೂಮಿನಲ್ಲಿದ್ದ. ಬಾಗಿಲಿಗೆ ತಲೆ ತಗುಲುವಷ್ಟು ಎತ್ತರ. ಹೆಸರು ಡೆಂಗ್. ಮೊದಲ ದಿನವೇ ಬಸ್ಯ ಅದನ್ನು ‘ಡೆಂಗಿ’ ಮಾಡಿದ.

“ಹೆಸರು ಹೇಳಿದ್ರೇನೇ ಎದುರು ಟೀಮ್ಗೆ ಜ್ವರ ಬರ್ಬೇಕು ಕಣ್ಲಾ,” ಎಂದ. ನಾವು ನಕ್ಕೆವು. ಡೆಂಗನೂ ನಕ್ಕ. ಎಲ್ಲರೂ ನಗುವಾಗ ತಾನೂ ನಗುವುದನ್ನು ಅವನು ಆಗಲೇ ಕಲಿತಿದ್ದ ಎಂದು ಈಗ ಅನ್ನಿಸುತ್ತದೆ. ಆಗಲೂ ಅನ್ನಿಸಿತ್ತೇ ಎಂದರೆ ಹೇಳಲಾರೆ.

ಮೊದಲ ಪಂದ್ಯ ತುಮಕೂರಿನಲ್ಲೇ. ಡೆಂಗ್ ಚೆಂಡು ಮುಟ್ಟಿದಾಗಲೆಲ್ಲ ಎದುರು ಕಡೆಯ ಒಬ್ಬ ದಢೂತಿ ಆಳು ಹಗ್ಗದಾಚೆಯಿಂದ ಕೂಗತೊಡಗಿದ: “ಏ ಕರಿಯಾ! ಯಾರಾದ್ರೂ ಲೈಟ್ ಹಾಕ್ರಪ್ಪೋ, ಕಾಣ್ತಾನೇ ಇಲ್ಲ!”

ಕೋಚ್ ಗೆರೆಯುದ್ದಕ್ಕೂ ನಡೆದುಕೊಂಡು ಹೋಗಿ ಅವನ ಎದುರು ನಿಂತರು. “ಏನಪ್ಪಾ, ಕರೆದ್ಯಲ್ಲ? ಹೇಳು.”

“ನಿನ್ನನ್ನಲ್ಲ ಕಣಣ್ಣ. ಅವನನ್ನ.”

“ಕರಿಯ ನಾನು. ಇಡೀ ತುಮಕೂರಿಗೆ ಗೊತ್ತು. ಕರೆದ್ಮೇಲೆ ಯಾಕೆ ಕರೆದೆ ಅಂತ ಹೇಳ್ಬೇಕು ತಾನೆ?”

ಸುತ್ತ ಇದ್ದವರೆಲ್ಲ ಗೊಳ್ಳೆಂದರು. ಆಳು ತಲೆ ಕೆರೆದುಕೊಂಡ. ಅವನು ಇನ್ನೆರಡು ಸಲ ಕೂಗಿದ, ಎರಡು ಸಲವೂ ಕೋಚ್ ಅಷ್ಟು ದೂರ ನಡೆದು ಹೋಗಿ, ಅಷ್ಟೇ ಶಾಂತವಾಗಿ, “ಹೇಳಪ್ಪಾ” ಎಂದರು. ಆಮೇಲೆ ಅವನ ಬಾಯಿ ಕಟ್ಟಿಹೋಯಿತು.

ಇದಕ್ಕಿಂತ ದೊಡ್ಡ ಗೆಲುವನ್ನು ನಾವು ನೋಡಿರಲಿಲ್ಲ. ಬೈಗುಳವನ್ನೇ ಕಿತ್ತುಕೊಂಡು ತನ್ನ ಹೆಸರು ಮಾಡಿಕೊಂಡರಲ್ಲ ಎಂದು ನಾನು ಟೀ ಅಂಗಡಿಯಲ್ಲಿ ಒಂದು ಸಣ್ಣ ಉಪನ್ಯಾಸವನ್ನೇ ಕೊಟ್ಟೆ. ಬಸ್ಯನಿಗೆ ಉಪನ್ಯಾಸ ಬೇಕಿರಲಿಲ್ಲ. ಮುಂದಿನ ವಾರ ಒಂದು ತಮಟೆ ತಂದ. ಡೆಂಗ್‌ಗೆ ಯಾರಾದರೂ ಆ ಮಾತು ಅಂದರೆ ನಾವೆಲ್ಲ ಸೇರಿ ತಮಟೆಯ ಏಟಿಗೆ “ಕರಿ-ಯಣ್ಣಾ! ಕರಿ-ಯಣ್ಣಾ!” ಎಂದು ಕೂಗಿ ಅದನ್ನು ಮುಳುಗಿಸಿಬಿಡಬೇಕು, ಇದು ಅವನ ಪ್ಲಾನು. ಮೊದಲ ಸಲ ಕೂಗಿದಾಗ ಕೋಚ್ ನಮ್ಮ ಕಡೆ ತಿರುಗಿ ಕೈ ಎತ್ತಿದರು. ನಮಸ್ಕಾರ ಹೇಳಿದರು ಎಂದೇ ನಾನು ತಿಳಿದೆ. ಅದು ನಿಲ್ಲಿಸಿ ಎಂಬ ಸನ್ನೆ ಎಂದು ನಯಾಜ್ ಆಮೇಲೆ ವಾದಿಸಿದ. ಎತ್ತಿದ ಅಂಗೈ ನನಗಿನ್ನೂ ಕಾಣುತ್ತದೆ. ಅರ್ಥ ಕಾಣುವುದಿಲ್ಲ.

ಗುಬ್ಬಿಯಲ್ಲಿ ರಕ್ತ ಬಿತ್ತು. ಅಲ್ಲಿಯ ಗುಂಪು ಬರುವಾಗಲೇ ಕುಡಿದಿತ್ತು. ಡೆಂಗ್ ವಾರ್ಮ್‌ಅಪ್‌ಗೆ ಇಳಿದೊಡನೆ ಕೋತಿಯ ಹಾಗೆ “ಹೂ ಹೂ ಹೂ” ಎಂಬ ಸದ್ದು, ಬಾಳೆಹಣ್ಣಿನ ಸಿಪ್ಪೆ, ನೀರಿನ ಪಾಕೀಟು. ಅವನು ಗೋಲು ಹೊಡೆದ ಮೇಲೆ ಸಿಪ್ಪೆ ಹೋಗಿ ಕಲ್ಲು ಬಂತು. ಒಂದು ಕಲ್ಲು ಅವನ ಮೊಣಕೈಯನ್ನು ಬಿರಿಸಿತು. ಕೋಚ್ ಅಡ್ಡ ಓಡಿದಾಗ ಯಾರೋ ಹಗ್ಗ ದಾಟಿ ಬಂದು ಅವರ ಮುಖಕ್ಕೆ ಗುದ್ದಿದ. ತುಟಿ ಸೀಳಿತು. ನಮ್ಮವರು ಸುಮ್ಮನಿರಲಿಲ್ಲ. ಬಸ್ಯ ತಮಟೆಯ ಕೋಲಿನಿಂದ ಒಬ್ಬನ ಕಿವಿಗೆ ಬಾರಿಸಿದ. ಅವನು ಕಿವಿ ಹಿಡಿದುಕೊಂಡು ಕುಕ್ಕರಿಸಿದ ಮೇಲೂ ಬಾರಿಸಿದ. ನಾನು ಬಸ್ಯನನ್ನು ಹಿಡಿದು ಎಳೆದೆ ಎಂದು ನನ್ನ ನೆನಪು. ಆದರೆ ಆವತ್ತಿನ ನನ್ನ ಅಂಗಿಯ ತೋಳಿನ ಮೇಲೆ ಬೇರೆಯವರ ರಕ್ತವಿತ್ತು. ಬರೀ ಎಳೆದವನಿಗೆ ಅಷ್ಟು ರಕ್ತ ಹತ್ತುತ್ತದೆಯೇ?

ವಾಪಸ್ಸು ಬರುವಾಗ ಟೆಂಪೋ ತುಂಬ ಸ್ಪ್ರೇ ವಾಸನೆ. ಡೆಂಗ್ ಮೊಣಕೈಗೆ ಟವೆಲು ಸುತ್ತಿಕೊಂಡು ಮೂಲೆಯಲ್ಲಿ ಕೂತಿದ್ದ. ಬಸ್ಯನಿಗೆ ಮಾತ್ರ ಹಬ್ಬ.

“ಹೆಂಗ್ ಬುಟ್ಟೆ ನೋಡು ಅವನ್ಗೆ! ಇನ್ನು ಆ ಊರಲ್ಲಿ ಕರಿಯಣ್ಣ ಅಂದ್ರೆ ಕಾಲು ನಡುಗ್ಬೇಕು!”

ಕೋಚ್ ಕರ್ಚೀಫನ್ನು ತುಟಿಯಿಂದ ತೆಗೆದರು. “ಆ ಕೂಗು ಬ್ಯಾಡ ಕಣೋ ಬಸ್ಯಾ.”

“ಯಾಕಣ್ಣಾ? ನಿನ್ ಹೆಸರು ತಾನೆ?”

“ಬ್ಯಾಡ ಅಂದ್ನಲ್ಲ.”

“ಅಣ್ಣಂಗೆ ನಾಚ್ಕೆ ಕಣ್ರೋ,” ಎಂದು ಬಸ್ಯ ತಮಟೆಯ ಮೇಲೆ ಬೆರಳಾಡಿಸಿದ. ಎಲ್ಲರೂ ನಕ್ಕರು. ಕೋಚ್ ಕಿಟಕಿಯ ಕಡೆ ತಿರುಗಿದರು.

ಫೈನಲ್ಲು ಕುಣಿಗಲ್ಲಿನಲ್ಲಿ, ಕೆರೆ ಏರಿಯ ಕೆಳಗಿನ ಬಯಲಿನಲ್ಲಿ. ಗಾಳಿ ಜೋರಾಗಿತ್ತು, ಗೆರೆಗೆ ಹಾಕಿದ್ದ ಸುಣ್ಣ ಹಾರಿ ಕಣ್ಣಿಗೆ ಬೀಳುತ್ತಿತ್ತು. ಮೊದಲರ್ಧ ಮುಗಿಯುವ ಮುಂಚೆಯೇ ಅವರ ಕಡೆಯಿಂದ “ಕರಿಯಾ! ಕರಿಯಾ!” ಶುರುವಾಯಿತು. ನಾವು “ಕರಿ-ಯಣ್ಣಾ” ಎಂದೆವು. ಅವರು ನಮ್ಮ ತಮಟೆಯ ಏಟಿಗೇ ಕೂಗತೊಡಗಿದರು. ನಮಗೆ ರೋಷ ಬಂತು, ಬಸ್ಯ ತಮಟೆಯ ವೇಗ ಹೆಚ್ಚಿಸಿದ. ಆ ವೇಗಕ್ಕೆ ನಾಲಿಗೆ ಹೊರಳದೆ, ಎಲ್ಲೋ ಒಂದು ಕಡೆ ನಮ್ಮ ಕೂಗಿನಿಂದ ‘ಅಣ್ಣ’ ಉದುರಿಹೋಯಿತು. ಯಾವ ಗಳಿಗೆಯಲ್ಲಿ ಎಂದು ನನಗೆ ಗೊತ್ತಾಗಲಿಲ್ಲ. ಗೊತ್ತಾದಾಗ ಮೈದಾನದ ಎರಡೂ ಕಡೆಯ ಜನ, ಶತ್ರುಗಳೂ ನಾವೂ, ಒಂದೇ ಕಂಠದಲ್ಲಿ ಒಂದೇ ಮಾತು ಕೂಗುತ್ತಿದ್ದೆವು. ಕರಿಯಾ! ಕರಿಯಾ! ಕರಿಯಾ!

ಕೋಚ್ ನೀರಿನ ಕ್ರೇಟಿನ ಮೇಲೆ ನಮಗೆ ಬೆನ್ನು ಹಾಕಿ ಕೂತುಬಿಟ್ಟರು. ಡೆಂಗ್ ಚೆಂಡನ್ನು ಕಾಲಡಿಯಲ್ಲಿ ನಿಲ್ಲಿಸಿ ಒಂದು ಕ್ಷಣ ನಿಂತ. ಚೆಂಡನ್ನು ಅಲ್ಲೇ ಬಿಟ್ಟು ನಮ್ಮ ಕಡೆಗೆ, ನಮ್ಮ ಕಡೆಗೇ, ಓಡಿ ಬಂದ. ಹಗ್ಗ ಹಾರಿದ. ತಮಟೆ ಬಡಿಯುತ್ತಿದ್ದ ಬಸ್ಯನ ಹುಬ್ಬಿಗೆ ಮುಷ್ಟಿಯಿಂದ ಹೊಡೆದ. ತಮಟೆ ಒಡೆಯಿತು, ಹುಬ್ಬೂ ಒಡೆಯಿತು.

ಮುಂದಿನದು ತುಂಡುತುಂಡಾಗಿ ಉಳಿದಿದೆ. ಅಲ್ಲಿಯವರೆಗೆ ಡೆಂಗಿ ಡೆಂಗಿ ಎಂದು ಹೆಗಲ ಮೇಲೆ ಹೊತ್ತವರೇ ಅವನನ್ನು ಕೆಡವಿ ಒದೆಯುತ್ತಿದ್ದರು. ಪಕ್ಕೆಗೆ, ಹೊಟ್ಟೆಗೆ, ಮೊಣಕೈಯ ಹಳೆಯ ಗಾಯಕ್ಕೆ. “ಅನ್ನ ತಿಂದ ಮನೆಗೇ ಹೊಡೀತೀಯೇನ್ಲಾ ನಾಯಿ!” ಯಾರೋ ಶಾಮಿಯಾನದ ಪೈಪು ಕಿತ್ತರು. ಬಟ್ಟೆ ಗಾಳಿಗೆ ಉಬ್ಬಿ ನಮ್ಮ ಮೇಲೆ ಬಿತ್ತು, ಮತ್ತೆ ಎದ್ದಿತು. ಅಷ್ಟರಲ್ಲಿ ಕೋಚ್ ಒಳಗೆ ನುಗ್ಗಿ, ಡೆಂಗನನ್ನು ಎಬ್ಬಿಸಿ, ಎದೆಗೆ ಎದೆ ಕೊಟ್ಟು ತಬ್ಬಿ ನಿಂತಿದ್ದರು. ಅವನ ಎರಡೂ ಕೈಗಳು ಅವರ ತೋಳುಗಳೊಳಗೆ ಸಿಕ್ಕಿದ್ದವು. ಅವನ ಗದ್ದ ಅವರ ನೆತ್ತಿಗಿಂತ ಮೇಲಿತ್ತು. ಪೈಪು ಹಿಂದಿನಿಂದ ಬಂತು. ಬಹುಶಃ ಡೆಂಗನ ತಲೆಗೆಂದು ಬೀಸಿದ್ದು, ಅವನಿಗಿಂತ ಗಿಡ್ಡವಿದ್ದ ಕೋಚ್ ಅವರ ತಲೆಗೆ ತಗುಲಿತು. ಬೀಸಿದ ತೋಳು ಹಳದಿ, ನಮ್ಮ ಕಡೆಯವರು ಹಾಕುತ್ತಿದ್ದ ಟೀಶರ್ಟಿನ ಹಳದಿ, ಎಂದು ನೆನಪು; ಸಂಜೆಯ ಬಿಸಿಲಿಗೆ ಎಲ್ಲ ತೋಳೂ ಹಳದಿಯೇ. ಕೋಚ್ ಡೆಂಗನ ಮೈಯುದ್ದಕ್ಕೂ ಜಾರಿ ಕೆಳಗಿಳಿದರು. ಕಿವಿಯಿಂದ ರಕ್ತ ಬರುತ್ತಿತ್ತು. ಯಾರೋ ಮೂರ್ಖ ಅದಕ್ಕೆ ನೋವಿನ ಸ್ಪ್ರೇ ಹೊಡೆಯುತ್ತಿದ್ದ.

ಆಸ್ಪತ್ರೆಯಲ್ಲಿ ಅವರಿಗೆ ಎಚ್ಚರವಾಗಲೇ ಇಲ್ಲ. ಎರಡು ದಿನಕ್ಕೆ ಹೋದರು. ಅಷ್ಟು ಹೊತ್ತಿಗೆ ಡೆಂಗ್ ಲಾಕಪ್ಪಿನಲ್ಲಿದ್ದ. ಕೋಚ್ ಜಗಳ ಬಿಡಿಸಲು ಬಂದಾಗ ಅವರ ತಲೆಗೆ ಪೈಪಿನಿಂದ ಹೊಡೆದವನು ಡೆಂಗನೇ ಎಂದು ಬಸ್ಯ ದೂರು ಕೊಟ್ಟಿದ್ದ. ನಮ್ಮವರೇ ಕೆಲವರು ಹೌದೆಂದಿದ್ದರು. ಕೊಲೆಯ ಕೇಸು, ಪರದೇಶದವನು, ಊರಲ್ಲಿ ಅವನ ಪರ ಮಾತಾಡಲು ತಾಯಿಯಿಲ್ಲ ತಂದೆಯಿಲ್ಲ. ಸಾಕ್ಷಿ ಬರದಿದ್ದರೆ ಅವನು ಅಲ್ಲೇ ಕೊಳೆಯುತ್ತಿದ್ದ.

ನಾವು ಮೊದಲು ಮಾಡಿದ್ದು ಮಾತ್ರ ಸಾಕ್ಷಿ ಹೇಳುವ ಕೆಲಸವಲ್ಲ. ಫ್ಲೆಕ್ಸ್ ಮಾಡಿಸಿದೆವು. ಯಾರು ಸತ್ತರೂ ನಮ್ಮೂರಲ್ಲಿ ಮೊದಲು ಏಳುವುದು ಅದೇ. ಹಳದಿ ಹಿನ್ನೆಲೆ, ಕೋಚ್ ಸೀಟಿ ಕಚ್ಚಿದ ಫೋಟೋ, ಕೆಳಗೆ ಅಭಿಮಾನಿಗಳೆಲ್ಲರ ಪಾಸ್‌ಪೋರ್ಟ್ ಸೈಜಿನ ಮುಖ, ಮೇಲೆ ದಪ್ಪಕ್ಷರದಲ್ಲಿ: ‘ಕರಿಯಣ್ಣ ಅಮರ್ ರಹೇ’. ಬಸ್ಯ ಹುಬ್ಬಿಗೆ ಹೊಲಿಗೆ ಹಾಕಿಸಿಕೊಂಡೇ ಬಂದು ಅದನ್ನು ಅವರ ಮನೆಯ ಕಾಂಪೌಂಡಿಗೆ ಕಟ್ಟುತ್ತಿದ್ದ. ಜಯಕ್ಕ, ಕೋಚ್ ಅವರ ಹೆಂಡತಿ, ಹೊರಗೆ ಬಂದರು. ಓದಿದರು.

“ಇದ್ಯಾರ್ದು?”

“ಅಣ್ಣಂದು ಅಕ್ಕಾ,” ಎಂದ ಬಸ್ಯ.

“ಅವರ ಹೆಸರು ರಂಗಸ್ವಾಮಿ.”

ಬಸ್ಯ ದಾರ ಹಿಡಿದುಕೊಂಡೇ ನಿಂತ. ಜಯಕ್ಕ ಫ್ಲೆಕ್ಸಿನ ಮೂಲೆ ಹಿಡಿದು ಎಳೆದರು. ಅದು ಹರಿಯಲಿಲ್ಲ. ಒಳಗೆ ಹೋಗಿ ಈಳಿಗೆಮಣೆ ತಂದು, ನೆಲದ ಮೇಲಿಟ್ಟು ಕಾಲಲ್ಲಿ ಮೆಟ್ಟಿ, ಅಲಗಿಗೆ ಫ್ಲೆಕ್ಸನ್ನು ಒತ್ತಿ ಉದ್ದಕ್ಕೂ ಸೀಳಿದರು. ಅವರ ಅಂಗೈ ಕುಯ್ದು ರಕ್ತ ಹಳದಿಯ ಮೇಲೆ ತೊಟ್ಟಿಕ್ಕಿತು. ಅವರು ನೋಡಿಕೊಳ್ಳಲೂ ಇಲ್ಲ.

“ಹಾಸ್ಟೆಲ್ಲಲ್ಲಿ ಓದೋವಾಗ ಊಟಕ್ಕೆ ಕೂತ್ರೆ ‘ಕರಿಯಾ, ಆ ಕಡೆ ಕೂತ್ಕೊಳ್ಳೋ’ ಅನ್ನೋರಂತೆ. ಅದೇ ಊರಿಗೆಲ್ಲ ಅಂಟ್ತು. ಮನೇಲಿ ಯಾರಾದ್ರೂ ಬಾಯ್ತಪ್ಪಿ ಅಂದ್ರೂ ತಟ್ಟೆ ಬಿಟ್ಟು ಎದ್ದೋಗೋರು. ಅದನ್ನೇ ಕೂಗಿ ಕೂಗಿ ಕೊಂದ್ರಿ. ಈಗ ಬಾಗಿಲಿಗೂ ಕಟ್ತೀರಾ?”

ಅಲ್ಲಿಂದ ನೇರ ಟೀ ಅಂಗಡಿಗೆ ಬಂದೆವು. ಯಾರಿಗೂ ಬೇರೆ ಜಾಗ ತೋಚಲಿಲ್ಲ. ಟೀ ಬಂದ ಮೇಲೆ ನಯಾಜ್ ಹೇಳಿದ, “ನಾವೇ ಕಣೋ ಮಾಡಿದ್ದು. ಗುಬ್ಬಿಯೋರು ಮಾಡಿದ್ದನ್ನೇ ತಮಟೆ ಹೊಡ್ಕೊಂಡು ಮಾಡಿದ್ವಿ.”

“ಏನ್ಲಾ ಮಾಡಿದ್ದು? ಪ್ರೀತಿಗೆ ಕೂಗಿದ್ದು!” ಬಸ್ಯನ ಧ್ವನಿ ಆಗಲೇ ಏರಿತ್ತು. “ರೇಸಿಸಮ್ಮು ಅನ್ನೋದೆಲ್ಲ ಬಿಳಿಯರ ದೇಶದ್ದು. ನನ್ ಮುಖ ನೋಡು, ನಿನ್ ಮುಖ ನೋಡು. ಎಲ್ಲಾ ಬಾಣಲೆ ತಳಾನೇ. ನಮ್ಗೆಲ್ಲಿಂದ ಬಂತು ರೇಸಿಸಮ್ಮು?”

“ನಿನ್ ತಂಗಿಗೆ ಗಂಡು ನೋಡೋವಾಗ ಏನಂದೆ? ಹುಡ್ಗ ಒಳ್ಳೇನು, ಕೆಲಸಾನೂ ಐತೆ, ಆದ್ರೆ ಕರ್ರಗವ್ನೆ ಬ್ಯಾಡ. ಅಂದ್ಯೋ ಇಲ್ವೋ?”

“ಮನೆ ವಿಷ್ಯ ತೆಗೀಬೇಡ ನಯಾಜಾ.”

“ಡೆಂಗ್ ಪೈಪು ಮುಟ್ಟಿಲ್ಲ ಬಸ್ಯಾ. ನಾನು ನೋಡ್ದೆ. ಮೇಷ್ಟ್ರೂ ನೋಡವ್ರೆ.”

ಬಸ್ಯ ನನ್ನ ಕಡೆ ತಿರುಗಿದ. ಹೊಲಿಗೆಯ ಸುತ್ತ ಹುಬ್ಬು ನೀಲಿಗಟ್ಟಿತ್ತು. “ಮೇಷ್ಟ್ರು ಏನ್ ಹೇಳ್ತಾರೆ ಅಂತ ನಂಗೊತ್ತು. ಇದೇ ಬೆಂಚಿನ ಮೇಲೆ ಕೂತು ನೀವೇ ತಾನೆ ಅಂತಿದ್ದದ್ದು? ಕಣ್ಣಲ್ಲಿ ಕಂಡಿದ್ದನ್ನೂ ನಂಬಬಾರ್ದು, ನೆನಪು ದಿನಾ ಬಣ್ಣ ಬದಲಾಯಿಸ್ತದೆ ಅಂತ? ಈಗ ಗ್ಯಾರಂಟಿ ಕೊಡಿ ನೋಡಾನ.”

ನಾನು ಬಾಯಿ ತೆರೆಯುವುದರೊಳಗೆ ನಯಾಜ್ ಎದ್ದು ನಿಂತ. “ಅವ್ರು ಬರ್ತಾರೋ ಬುಡ್ತಾರೋ, ನಾನು ಸ್ಟೇಷನ್ಗೆ ಹೋಗ್ತೀನಿ.” ಬಸ್ಯ ಕೈಲಿದ್ದ ಟೀ ಗ್ಲಾಸನ್ನು ಅವನ ಮುಖಕ್ಕೆ ಬೀಸಿದ. ಬಿಸಿ ಟೀ ಕಣ್ಣಿಗೆ, ಗಾಜು ಕೆನ್ನೆಗೆ. ನಯಾಜ್ ಕುರುಡನಂತೆ ಮುಂದೆ ನುಗ್ಗಿ ಬಸ್ಯನ ಕುತ್ತಿಗೆ ಹಿಡಿದ. ಇಬ್ಬರೂ ಒಲೆಯ ಮೇಲೆ ಬಿದ್ದರು. ಹಾಲಿನ ಪಾತ್ರೆ ಮಗುಚಿತು. ಬಿಡಿಸಲು ಹೋದ ನನ್ನ ಬಾಯಿಗೆ ಯಾರ ಮೊಣಕೈಯೋ ಬಡಿದು ಮುಂದಿನ ಹಲ್ಲು ಮುರಿಯಿತು. ಇದೊಂದು ಮಾತ್ರ ಅನುಮಾನವಿಲ್ಲದ್ದು. ಈಗಲೂ ನಾಲಿಗೆ ಅಲ್ಲಿಗೇ ಹೋಗುತ್ತದೆ.

ಅದೇ ಬಾಯಿಗೆ ಕರ್ಚೀಫು ಒತ್ತಿಕೊಂಡು ನಯಾಜನ ಆಟೋದಲ್ಲಿ ಕುಣಿಗಲ್ ಠಾಣೆಗೆ ಹೋದೆ. ಸಬ್‌ಇನ್‌ಸ್ಪೆಕ್ಟರು ನಮ್ಮಿಬ್ಬರ ಮುಖ ನೋಡಿ, “ಸಾಕ್ಷಿ ಹೇಳೋಕೆ ಬಂದ್ರಾ, ಕಂಪ್ಲೇಂಟ್ ಕೊಡೋಕೆ ಬಂದ್ರಾ?” ಎಂದರು. ನಯಾಜನನ್ನು ಮೊದಲು ಕೇಳಿ, ಆಮೇಲೆ ನನ್ನನ್ನು ಒಬ್ಬನನ್ನೇ ಒಳಗೆ ಕರೆದರು.

“ಹೊಡ್ದೋನು ಯಾರು?”

“ಗೊತ್ತಿಲ್ಲ ಸಾರ್.”

“ಬಟ್ಟೆ?”

“ಹಳದಿ ಇರಬಹುದು. ಖಚಿತ ಇಲ್ಲ.”

“ಎಷ್ಟು ಏಟು?”

“ಒಂದು ಅನ್ಸುತ್ತೆ.”

“ಏನ್ ಮೇಷ್ಟ್ರೇ, ಅನ್ಸುತ್ತೆ, ಇರಬಹುದು! ಗೊತ್ತಿರೋದೇನು ಅದನ್ನ ಹೇಳಿ.”

ನಾನು ಎದ್ದು ನಿಂತು, ಅಲ್ಲಿದ್ದ ಪೇದೆಯೊಬ್ಬರನ್ನು ಅನುಮತಿ ಕೇಳಿ ತಬ್ಬಿದೆ. ಕೋಚ್ ತಬ್ಬಿದ ಹಾಗೆ, ಅವರ ಎರಡೂ ಕೈಗಳು ನನ್ನ ತೋಳಿನೊಳಗೆ ಸಿಕ್ಕುವ ಹಾಗೆ. “ಹೀಗಿದ್ರು ಸಾರ್. ಇದು ಮಾತ್ರ ಗೊತ್ತು. ಈಗ ನನ್ನ ತಲೆ ಹಿಂಭಾಗಕ್ಕೆ ಇವರು ಪೈಪಲ್ಲಿ ಹೊಡೀಲಿ, ನೋಡೋಣ.” ಪೇದೆ ಕೊಸರಾಡಿದರು. ಸಬ್‌ಇನ್‌ಸ್ಪೆಕ್ಟರು ನಗಲಿಲ್ಲ. ಹೊರಗೆ ನಯಾಜ್ ಹೇಳಿದ್ದೂ ಇದನ್ನೇ, ಗಾಯವಿದ್ದದ್ದೂ ತಲೆಯ ಹಿಂಭಾಗದಲ್ಲೇ ಎಂದು ಮಾತ್ರ ಹೇಳಿದರು.

“ಸರಿ. ಮತ್ತೆ ಬಸವರಾಜಂಗೆ ಯಾಕೆ ಹೊಡ್ದ?”

“ಜನ ಕೋಚ್ ಹೆಸರು ಕೂಗ್ತಿದ್ರು. ತನ್ನನ್ನೇ ಬೈತಿದಾರೆ ಅಂತ ತಪ್ಪು ತಿಳ್ಕೊಂಡ ಸಾರ್.”

ಅವರು ಹಾಗೆಯೇ ಬರೆಸಿದರು. ನಾನು ಸಹಿ ಹಾಕಿದೆ. ಕೊಲೆಯ ಕೇಸು ಅಪರಿಚಿತರ ಮೇಲೆ ತಿರುಗಿತು, ಇವತ್ತಿಗೂ ಅಲ್ಲೇ ಇದೆ. ಡೆಂಗನನ್ನು ಬಿಟ್ಟರು. ಬಸ್ಯ ಆಮೇಲೆ ಯಾವ ಪಂದ್ಯಕ್ಕೂ ಬರಲಿಲ್ಲ. ಆ ಪೈಪಿನ ಬಗ್ಗೆ ಅವನಿಗೇನು ಗೊತ್ತಿತ್ತು ಎಂದು ಕೇಳುವ ಧೈರ್ಯ ನನಗೂ ಬರಲಿಲ್ಲ.

ಮಹಾಶಿವರಾತ್ರಿಯ ಮರುದಿನ ಡೆಂಗ್ ಊರು ಬಿಟ್ಟ. ಕ್ಯಾತ್ಸಂದ್ರ ಸ್ಟೇಷನ್ನಿನಲ್ಲಿ ಬೆಂಗಳೂರಿನ ಗಾಡಿಗೆ ಕಾಯುತ್ತ ನಾವಿಬ್ಬರೇ ನಿಂತಿದ್ದೆವು. ಅವನ ಒಂದು ಕಣ್ಣು ಇನ್ನೂ ಪೂರ್ತಿ ತೆರೆದಿರಲಿಲ್ಲ, ಉಸಿರೆಳೆದರೆ ಪಕ್ಕೆ ನೋಯುತ್ತಿತ್ತು. ನಾನು ಸಮಾಧಾನಕ್ಕೆಂದು, ಆವತ್ತಿನ ಕೂಗು ನಿನಗಾಗಿರಲಿಲ್ಲ, ನೀನು ತಪ್ಪು ತಿಳಿದೆ, ಯಾರಿಗಾದರೂ ಹಾಗೇ ಆಗುತ್ತಿತ್ತು ಎಂದೆ.

ಅವನು ಕೋಚ್ ಕಲಿಸಿದ್ದ ಕನ್ನಡದಲ್ಲಿ ಉತ್ತರಿಸಿದ. ಮಾತುಗಳ ಕ್ರಮ ನನ್ನದಿರಬಹುದು, ಮಾತು ಅವನದೇ.

“ತಪ್ಪು ಇಲ್ಲ ಸರ್. ನನಗೆ ದಿನಾ ಅಂತಾರೆ. ಬಸ್ಸಲ್ಲಿ, ಅಂಗಡೀಲಿ. ಅದಕ್ಕೆ ಹೊಡೆದ್ರೆ ದಿನಾ ಹೊಡೀಬೇಕು.”

“ಮತ್ತೆ?”

“ಫಸ್ಟ್ ಡೇ ಕೋಚ್ ಹೇಳಿದ್ರು. ‘ಕರಿಯ ನನ್ನ ಹೆಸರು ಅಲ್ಲ, ನನಗೂ ಬೈದಿದ್ದೇ. ಯಾರು ಅಂದ್ರೂ ನಾನು ತಗೋತೀನಿ, ನೀನು ಬಾಲ್ ನೋಡು’ ಅಂದ್ರು. ಅವತ್ತು ಎಲ್ಲಾರೂ ಅಂದ್ರು. ನಮ್ಮವರೂ ಅಂದ್ರು. ಅವರು ಆ ಕಡೆ ತಿರುಗಿ ಕೂತ್ರು. ನೀವು ಬೆನ್ನು ನೋಡಿದ್ರಿ ಸರ್. ನಾನು ಮುಖ ನೋಡಿದೆ.”

ಗಾಡಿ ಬಂತು. ಅವನು ಬ್ಯಾಗನ್ನು ನೋಯದ ಭುಜಕ್ಕೆ ಹಾಕಿಕೊಂಡು ಹತ್ತಿದ. ಬಾಗಿಲಲ್ಲಿ ತಲೆ ಬಗ್ಗಿಸಿದ್ದು ಕಂಡಿತು, ಕೈ ಬೀಸಿದನೋ ಇಲ್ಲವೋ ನೆನಪಿಲ್ಲ.

ನನ್ನ ಹೇಳಿಕೆ ಆ ಫೈಲಿನಲ್ಲಿ ಇನ್ನೂ ಇರಬೇಕು. ಅದರಲ್ಲಿ ತಪ್ಪು ತಿಳಿದುಕೊಂಡವನು ಇವತ್ತಿಗೂ ಡೆಂಗನೇ.